ಡ್ರೈಯರ್ ಗುಂಯ್ ಎನ್ನುತ್ತದೆ, ಆದರೆ ತಿರುಗುವುದಿಲ್ಲ: ಮೋಟಾರು ಬದಲಿಸುವ ಮುನ್ನ ಏನೇನು ನೋಡಬೇಕು?

ಬಿಸಿಲೂರು (ರಾಯಚೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು ಎರಡು ಟಬ್‌ಗಳ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನ್. ಒಗೆಯುವ ಕಡೆ ಯಾವ ತೊಂದರೆಯೂ ಇಲ್ಲ. ಡ್ರೈಯರ್ ಕಡೆ ಮಾತ್ರ, ಬಟ್ಟೆ ಹಾಕಿ ಮುಚ್ಚಳ ಮುಚ್ಚಿ ಟೈಮರ್ ತಿರುಗಿಸಿದರೆ, ಕೆಳಗಿನಿಂದ ಗುಂಯ್ ಎಂಬ ಸದ್ದು ಬರುತ್ತದೆ, ಟಬ್ ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ಮುಚ್ಚಳ ತೆರೆದು ಕೈಯಿಂದ ತಿರುಗಿಸಲು ನೋಡಿದರೆ ತುಂಬಾ ಬಿಗಿಯಾಗಿದೆ. ರಿಪೇರಿಯವರೊಬ್ಬರು ಬಂದು, ಹಿಂಬದಿಯ ಮುಚ್ಚಳವನ್ನು ಸಹ ಬಿಚ್ಚದೆ, "ಮೋಟಾರು ಜಾಮ್ ಆಗಿದೆ, ಹೊಸದನ್ನೇ ಹಾಕಬೇಕು" ಎಂದು ಹೇಳಿ ಹೋದರು. ವಾರಂಟಿ ಮುಗಿದು ಬಹಳ ಕಾಲವಾಗಿದೆ. ಹಣ ಕೊಡುವ ಮುನ್ನ ನಾವೇ ನೋಡಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ನಮ್ಮ ಮನೆಯವರಿಗೆ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿದೆ, ಮನೆಯಲ್ಲಿ ಮಲ್ಟಿಮೀಟರ್ ಕೂಡ ಇದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಡ್ರೈಯರ್ ಏಕೆ ಬೇಕೆಂದು ಕೇಳುವವರು ಇಲ್ಲಿಯೂ ಇರಬಹುದು. ಅತ್ತೆಯವರ ಇಳಕಲ್ ಸೀರೆಯನ್ನೂ ಮನೆಯವರ ಜೀನ್ಸ್ ಪ್ಯಾಂಟನ್ನೂ ಕೈಯಿಂದ ಹಿಂಡಿದವರು ಆ ಪ್ರಶ್ನೆ ಕೇಳಲಾರರು.

ಕಾಲುವೆದಂಡೆ (ಸಿಂಧನೂರು):
ಅಕ್ಕನವರೇ, ಮೊದಲು ತೂತುಗಳಿರುವ ಒಳಟಬ್ ಹಾಗೂ ಹೊರಗಿನ ಟಬ್‌ನ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕರವಸ್ತ್ರ, ಕಾಲುಚೀಲ, ಮಕ್ಕಳ ಚಡ್ಡಿಯಂಥ ಸಣ್ಣ ಬಟ್ಟೆಗಳು ತಿರುಗುವಾಗ ಮೇಲಿನಿಂದ ಹಾರಿ ಆ ಸಂದಿಗೆ ಇಳಿದು, ಕೆಳಗೆ ಕಬ್ಬಿಣದ ದಂಡಕ್ಕೆ ಸುತ್ತಿಕೊಳ್ಳುತ್ತವೆ. ನಮ್ಮ ಮನೆಯ ಮಷೀನಿನಲ್ಲಿ ಆದದ್ದು ಅದೇ. ಬಟ್ಟೆಯ ಮೇಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ತಟ್ಟೆಯನ್ನು ನಾವು ಯಾರೂ ಬಳಸುತ್ತಿರಲಿಲ್ಲ. ಅದನ್ನು ಕೊಟ್ಟಿರುವುದೇ ಬಟ್ಟೆ ಮೇಲೆದ್ದು ಹಾರದಿರಲೆಂದು. ಇನ್ನೊಂದು, ಹೊರಟಬ್‌ನಲ್ಲಿ ನೀರು ನಿಂತಿದ್ದರೂ ಟಬ್ ವೇಗ ಹಿಡಿಯುವುದಿಲ್ಲ. ನೀರು ಹೊರಹೋಗುವ ಪೈಪು ನೆಲಕ್ಕಿಂತ ಮೇಲೆ ಎತ್ತಿ ಕಟ್ಟಿರದಂತೆ ನೋಡಿಕೊಳ್ಳಿ.

ಹಳೆ ಐಟಿಐ (ಕೊಪ್ಪಳ):
ಸಿಂಧನೂರಿನವರು ಹೇಳಿದ್ದನ್ನು ಮೊದಲು ನೋಡಿ, ಅದಕ್ಕೆ ಖರ್ಚಿಲ್ಲ. ಆದರೆ ತಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನ್ನ ಗಮನ ಸೆಳೆಯಿತು: ಮುಚ್ಚಳ ತೆರೆದು ಕೈಯಿಂದ ತಿರುಗಿಸಿದಾಗ ಬಿಗಿಯಾಗಿದೆ ಎಂದು ಬರೆದಿದ್ದೀರಿ. ಮುಚ್ಚಳ ತೆರೆದಾಗ ಅದು ಬಿಗಿಯಾಗಿಯೇ ಇರಬೇಕು. ಡ್ರೈಯರ್ ಮುಚ್ಚಳಕ್ಕೆ ಎರಡು ಕೆಲಸಗಳಿವೆ. ತೆರೆದ ಕೂಡಲೇ ಅಲ್ಲಿರುವ ಸ್ವಿಚ್ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕಡಿಯುತ್ತದೆ. ಅದರ ಜೊತೆಗೆ ಮುಚ್ಚಳಕ್ಕೆ ಜೋಡಿಸಿರುವ ಒಂದು ತಂತಿ ಸಡಿಲವಾಗಿ, ಕೆಳಗೆ ಸ್ಪ್ರಿಂಗಿನ ಬಲದಿಂದ ಬ್ರೇಕ್ ಶೂ (ಒತ್ತಿ ನಿಲ್ಲಿಸುವ ತುಂಡು) ಬಂದು, ಮೋಟಾರನ್ನು ಟಬ್‌ನ ದಂಡಕ್ಕೆ ಜೋಡಿಸುವ ಕಪ್ಲಿಂಗನ್ನು ಹಿಡಿದುಕೊಳ್ಳುತ್ತದೆ. ಮುಚ್ಚಳ ಮುಚ್ಚಿದಾಗ ತಂತಿ ಎಳೆದು ಬ್ರೇಕ್ ಬಿಡುತ್ತದೆ. ಹೀಗಿರುವಾಗ ಮುಚ್ಚಳ ತೆರೆದಿಟ್ಟು ಟಬ್ ತಿರುಗಿಸಿ, ಬಿಗಿಯಾಗಿದೆ ಎಂಬ ಕಾರಣಕ್ಕೆ ಮೋಟಾರು ಜಾಮ್ ಎಂದು ತೀರ್ಮಾನಿಸುವುದು, ಹ್ಯಾಂಡ್ ಬ್ರೇಕ್ ಎಳೆದಿಟ್ಟು ಕಾರು ತಳ್ಳಿ ಎಂಜಿನ್ ಕೆಟ್ಟಿದೆ ಎಂದಂತೆ. ತಮ್ಮಲ್ಲಿಗೆ ಬಂದವರು ಮಾಡಿರುವುದು ಬಹುಶಃ ಇದನ್ನೇ.

ಸರಿಯಾಗಿ ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಏಕೆಂದರೆ ಹಳೆಯ ಮನೆಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು ಅಪರೂಪವೇನಲ್ಲ. ಮಷೀನಿನ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬಿಚ್ಚಿ. ಡ್ರೈಯರ್ ಕಡೆಯ ಮೋಟಾರು ಮೂರು ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ಅದರ ತಲೆಯ ಮೇಲಿರುವ ದುಂಡನೆಯ ಕಪ್ಲಿಂಗ್, ಅದರ ಪಕ್ಕದಲ್ಲಿ ಬ್ರೇಕಿನ ಸನ್ನೆ (ಲಿವರ್), ಅದಕ್ಕೆ ಮೇಲಿನಿಂದ ಇಳಿದು ಬಂದ ತಂತಿ, ಇಷ್ಟನ್ನು ಗುರುತಿಸಿ. ಆ ಸನ್ನೆಯನ್ನು ಒಂದು ಕೈಯಿಂದ ಎಳೆದು ಹಿಡಿದು, ಇನ್ನೊಂದು ಕೈಯಿಂದ ಕಪ್ಲಿಂಗನ್ನು ತಿರುಗಿಸಿ. ಹಗುರವಾಗಿ ತಿರುಗಿ, ಕೈಬಿಟ್ಟ ಮೇಲೂ ಒಂದಿಷ್ಟು ಸುತ್ತಿದರೆ ಮೋಟಾರಿನ ಬುಶ್ (ದಂಡ ಕುಳಿತು ತಿರುಗುವ ಲೋಹದ ಬಳೆ), ದಂಡ, ಟಬ್ ಎಲ್ಲವೂ ಸರಿಯಾಗಿವೆ. ಎಲ್ಲಾ ಕಡೆ ಒಂದೇ ಸಮನೆ ಬಿಗಿಯಾಗಿದ್ದರೆ ಬುಶ್ ತುಕ್ಕು ಹಿಡಿದಿರಬೇಕು. ಒಂದು ಜಾಗದಲ್ಲಿ ಮಾತ್ರ ತಡೆದರೆ ಬಟ್ಟೆ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಸದ್ದನ್ನೂ ಕೇಳಿ. ಟೈಮರ್ ತಿರುಗಿಸಿದಾಗ ಏನೂ ಸದ್ದಿಲ್ಲದಿದ್ದರೆ ವಿದ್ಯುತ್ತು ಮೋಟಾರಿನವರೆಗೆ ಬಂದಿಲ್ಲ ಎಂದಾಯಿತು: ಮುಚ್ಚಳದ ಸ್ವಿಚ್, ಟೈಮರಿನ ಒಳಗಿನ ಕಾಂಟ್ಯಾಕ್ಟು, ಇಲಿ ಕಡಿದ ವೈರು, ಇವುಗಳಲ್ಲೊಂದು. ಟೈಮರ್ ಟಿಕ್ ಟಿಕ್ ಎನ್ನುವುದನ್ನು ಕೇಳಿ ಕರೆಂಟು ಬಂದಿದೆ ಎಂದುಕೊಳ್ಳಬೇಡಿ. ಅದು ಕೀಲಿ ಕೊಟ್ಟ ಗಡಿಯಾರದ ಹಾಗೆ ಸ್ಪ್ರಿಂಗಿನಿಂದ ನಡೆಯುವುದರಿಂದ, ಒಳಗಿನ ಕಾಂಟ್ಯಾಕ್ಟು ಸುಟ್ಟಿದ್ದರೂ ಟಿಕ್ ಎನ್ನುತ್ತಲೇ ಇರುತ್ತದೆ. ಮೋಟಾರು ಪೂರ್ತಿ ವೇಗದಲ್ಲಿ ಓಡುವ ಸದ್ದು ಬಂದು ಟಬ್ ಮಾತ್ರ ನಿಂತಿದ್ದರೆ ಕಪ್ಲಿಂಗಿನ ಸ್ಕ್ರೂ ಸಡಿಲವಾಗಿದೆ. ತಮ್ಮದು ಮೂರನೆಯ ಬಗೆ, ಗುಂಯ್ ಎಂದು ನಿಲ್ಲುವುದು. ಕರೆಂಟು ಬರುತ್ತಿದೆ, ಆದರೆ ಏನೋ ಹಿಡಿದುಕೊಂಡಿದೆ, ಇಲ್ಲವೇ ಹೊರಡುವ ಶಕ್ತಿ ಸಾಲುತ್ತಿಲ್ಲ. ಹಿಡಿದುಕೊಳ್ಳುವುದು ಬ್ರೇಕು, ಬಟ್ಟೆ, ಅಥವಾ ಬುಶ್. ಶಕ್ತಿ ಸಾಲದಿರುವುದು ಕೆಪಾಸಿಟರಿನಿಂದ (ಮೋಟಾರಿಗೆ ಹೊರಡುವ ಬಲ ಕೊಡುವ ಬಿಡಿಭಾಗ, ಕಂಡೆನ್ಸರ್ ಎಂದೂ ಹೇಳುತ್ತಾರೆ) ಅಥವಾ ವೋಲ್ಟೇಜಿನಿಂದ. ಮೋಟಾರಿನ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಟ್ಟಿರುವುದೂ ಸಾಧ್ಯವೇ, ಆದರೆ ಅದು ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ಗುಂಯ್ ಎನ್ನುವಾಗ ಹೆಚ್ಚು ಹೊತ್ತು ಬಿಡಬೇಡಿ. ನಿಂತಲ್ಲೇ ನಿಂತ ಮೋಟಾರು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆದು ಕಾಯುತ್ತದೆ. ಒಳ್ಳೆಯ ಮೋಟಾರಿನಲ್ಲಿ ಕಾದಾಗ ತಾನೇ ಕಡಿದು ತಣಿದ ಮೇಲೆ ಕೂಡಿಕೊಳ್ಳುವ ರಕ್ಷಣೆ ಇರುತ್ತದೆ. ಅದನ್ನೇ ನಂಬಿ ಪದೇ ಪದೇ ಚಾಲೂ ಮಾಡಿದರೆ, ಇಲ್ಲದ ರೋಗವನ್ನು ನಾವೇ ತಂದುಕೊಂಡಂತಾಗುತ್ತದೆ.

ಬಿಸಿಲೂರು (ರಾಯಚೂರು):
ಗುರುಗಳೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ತಾವು ಹೇಳಿದಂತೆಯೇ ಹಿಂಬದಿ ತೆರೆದೆವು. ಸಂದಿಯಲ್ಲಿ ಬಟ್ಟೆ ಯಾವುದೂ ಇರಲಿಲ್ಲ, ಒಂದು ಶರ್ಟಿನ ಗುಂಡಿ ಮತ್ತು ಹೇರ್‌ಪಿನ್ ಮಾತ್ರ ಸಿಕ್ಕವು. ಬ್ರೇಕಿನ ಸನ್ನೆಯನ್ನು ಕೈಯಿಂದ ಎಳೆದು ಹಿಡಿದಾಗ ಟಬ್ ಸರಾಗವಾಗಿ ತಿರುಗಿತು. ಆದರೆ ಸನ್ನೆಯನ್ನು ಬಿಟ್ಟು, ನಾನು ಮೇಲೆ ಮುಚ್ಚಳ ಮುಚ್ಚಿ ತೆರೆದು ಮಾಡುತ್ತಿದ್ದಾಗ, ಮನೆಯವರು ಕೆಳಗೆ ಟಾರ್ಚ್ ಹಿಡಿದು ನೋಡಿದರು. ಮುಚ್ಚಳ ಪೂರ್ತಿ ಮುಚ್ಚಿದರೂ ಬ್ರೇಕ್ ಶೂ ಕಪ್ಲಿಂಗಿನಿಂದ ಬಿಡಿಸಿಕೊಳ್ಳುತ್ತಿಲ್ಲ. ತಂತಿ ಜೋಲು ಬಿದ್ದಿದೆ, ಶೂ ಒಂದು ಬದಿಯಲ್ಲಿ ತಾಗಿಕೊಂಡೇ ಇದೆ, ಮತ್ತು ಅದು ಉಜ್ಜಿದ ಕಡೆ ಕಪ್ಲಿಂಗಿನ ಮೇಲೆ ಹೊಳೆಯುವ ಒಂದು ಪಟ್ಟಿ ಬಿದ್ದಿದೆ. ಈ ತಂತಿಯನ್ನು ಬಿಗಿ ಮಾಡುವುದು ಹೇಗೆ?

ಹಳೆ ಐಟಿಐ (ಕೊಪ್ಪಳ):
ಆ ಹೊಳೆಯುವ ಪಟ್ಟಿಯೇ ಉತ್ತರ. ತಂತಿಯ ಒಂದು ತುದಿಯ ಕೊಕ್ಕೆಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ರಂಧ್ರಗಳಿರುವ ಪಟ್ಟಿ ಇರುತ್ತದೆ. ಒಂದು ರಂಧ್ರ ಮುಂದಕ್ಕೆ ಸಿಕ್ಕಿಸಿ. ಮುಚ್ಚಳ ಮುಚ್ಚಿದಾಗ ಶೂ ಮತ್ತು ಕಪ್ಲಿಂಗಿನ ನಡುವೆ ಬೆಳಕು ಕಾಣುವಷ್ಟು ಸಂದು ಇರಬೇಕು, ತೆರೆದಾಗ ಸಂದು ಪೂರ್ತಿ ಮುಚ್ಚಬೇಕು. ಬಿಗಿ ಮಾಡುವ ಹುರುಪಿನಲ್ಲಿ ಬ್ರೇಕು ಹಿಡಿಯದಂತೆ ಮಾಡಬೇಡಿ. ಖಾಲಿ ಟಬ್ ಓಡಿಸಿ ಮುಚ್ಚಳ ತೆರೆದರೆ ಕೆಲವೇ ಕ್ಷಣಗಳಲ್ಲಿ ನಿಲ್ಲಬೇಕು. ತೇಲಾಡುತ್ತಾ ಬಹಳ ಹೊತ್ತು ಸುತ್ತಿದರೆ ತಂತಿ ಅತಿಯಾಗಿ ಬಿಗಿಯಾಗಿದೆ ಎಂದರ್ಥ. ತಂತಿಯ ಎಳೆಗಳು ಬಿಚ್ಚಿಕೊಂಡಿದ್ದರೆ ಹೊಸದನ್ನೇ ಹಾಕಿಸಿ, ಗಂಟು ಹಾಕಿ ಗಿಡ್ಡ ಮಾಡಬೇಡಿ.

ಹೊಸಹುಡುಗ (ಮಾನ್ವಿ):
ಇಷ್ಟೆಲ್ಲ ತೊಂದರೆ ಕೊಡುವ ಬ್ರೇಕನ್ನು ಕಳಚಿಹಾಕಿ, ಮುಚ್ಚಳದ ಸ್ವಿಚ್ಚನ್ನು ನೇರವಾಗಿ ಜೋಡಿಸಿಬಿಟ್ಟರೆ ಆಗುವುದಿಲ್ಲವೇ? ನಮ್ಮ ಓಣಿಯಲ್ಲಿ ಹಾಗೆ ಮಾಡಿಸಿಕೊಂಡವರಿದ್ದಾರೆ.

ಜೀನ್ಸ್ ವಾಷಿಂಗ್ (ಬಳ್ಳಾರಿ):
ತಮ್ಮಾ, ಆ ಕೆಲಸ ಮಾತ್ರ ಬೇಡ. ನಾನು ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯುನಿಟ್ಟಿನಲ್ಲಿ ಮಷೀನುಗಳನ್ನು ನೋಡಿಕೊಳ್ಳುವವನು. ನಮ್ಮಲ್ಲಿ ಒಗೆದ ಪ್ಯಾಂಟುಗಳ ನೀರು ತೆಗೆಯುವ ಹೈಡ್ರೋ ಎಂಬ ಮಷೀನಿದೆ. ಮನೆಯ ಡ್ರೈಯರ್ ಅದರ ಕೂಸು. ಎರಡರಲ್ಲೂ ಬಟ್ಟೆ ಒಣಗುವುದು ಬಿಸಿಯಿಂದಲ್ಲ, ಸುತ್ತುವ ವೇಗಕ್ಕೆ ನೀರು ತೂತುಗಳಿಂದ ಹೊರಗೆ ಎಸೆಯಲ್ಪಡುವುದರಿಂದ. ಮನೆಯ ಡ್ರೈಯರಿನ ಮೋಟಾರು ಸಾಮಾನ್ಯವಾಗಿ ನಾಲ್ಕು ಪೋಲಿನದು, ಅಂದರೆ ಒಳಗೆ ನಾಲ್ಕು ಕಾಂತಧ್ರುವಗಳಿರುವಂಥದ್ದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದರ ಮೇಲ್ಮಿತಿ ನಿಮಿಷಕ್ಕೆ 1500 ಸುತ್ತು, ಭಾರ ಬಿದ್ದಾಗ ಅದಕ್ಕಿಂತ ಸ್ವಲ್ಪ ಕಡಿಮೆ. ಮೋಟಾರಿಗೂ ಟಬ್‌ಗೂ ನಡುವೆ ಬೆಲ್ಟು ಇರುವುದಿಲ್ಲವಾದ್ದರಿಂದ ಟಬ್ಬೂ ಅಷ್ಟೇ ವೇಗದಲ್ಲಿ ಸುತ್ತುತ್ತದೆ. ಆ ವೇಗದಲ್ಲಿ ಒದ್ದೆ ದುಪಟ್ಟಾದ ಒಂದು ತುದಿ ಹೊರಗೆ ಉಳಿದು, ಅದನ್ನು ಒಳಗೆ ದೂಡಲು ಯಾರಾದರೂ ಕೈ ಹಾಕಿದರೆ ಬಟ್ಟೆ ಕೈಯನ್ನು ಬಿಡುವುದಿಲ್ಲ. ಹೈಡ್ರೋದ ಮುಚ್ಚಳದ ಲಾಕನ್ನು ಕೆಲಸ ಬೇಗ ಆಗಲೆಂದು ಕಟ್ಟಿಹಾಕುವ ಹುಡುಗರನ್ನು ನಾನು ನಿಲ್ಲಿಸಿಕೊಂಡು ಬೈದಿದ್ದೇನೆ. ಮನೆಯಲ್ಲಿ ಮಕ್ಕಳಿರುವ ಕಡೆಗೆ ಅದೇ ಮಾತು ಇನ್ನೂ ಜೋರಾಗಿ ಅನ್ವಯಿಸುತ್ತದೆ.

ಭಾರದ ಬಗ್ಗೆಯೂ ಒಂದು ಮಾತು. ಒಗೆಯುವ ಟಬ್ ಹಿಡಿಯುವಷ್ಟು ಬಟ್ಟೆಯನ್ನು ಡ್ರೈಯರ್ ಹಿಡಿಯುವುದಿಲ್ಲ. ಜೀನ್ಸ್ ಪ್ಯಾಂಟುಗಳನ್ನು ಒಂದರ ಮೇಲೊಂದು ಒಂದೇ ಬದಿಗೆ ತುರುಕಿದರೆ ಟಬ್ ಹೊರಟರೂ ಗೋಡೆಗೆ ಬಡಿದುಕೊಂಡು ಒದ್ದಾಡುತ್ತದೆ. ಉಂಗುರದಂತೆ ಸುತ್ತಲೂ ಸಮನಾಗಿ ಹೊಂದಿಸಿ, ಮೇಲೆ ತಟ್ಟೆ ಇಟ್ಟು ಒತ್ತಬೇಕು.

ಕೋಟೆಕೆಳಗೆ (ಬಳ್ಳಾರಿ):
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಮ್ಮ ಲಾಂಡ್ರಿಯಲ್ಲಿ ಇರುವುದು ಬಿಸಿಗಾಳಿಯ ಡ್ರೈಯರ್, ಮುಂಭಾಗದಲ್ಲಿ ಬಾಗಿಲಿರುವಂಥದ್ದು. ಅದರ ಡ್ರಮ್ ಸಹ ತಿರುಗುತ್ತಿಲ್ಲ, ಆದರೆ ಮೋಟಾರು ಓಡುವ ಸದ್ದು ಬರುತ್ತದೆ. ಅದಕ್ಕೂ ಬ್ರೇಕ್ ಇರುತ್ತದೆಯೇ?

ಜೀನ್ಸ್ ವಾಷಿಂಗ್ (ಬಳ್ಳಾರಿ):
ಇರುವುದಿಲ್ಲ. ಅದು ಟಂಬ್ಲರ್, ನಿಧಾನವಾಗಿ ಉರುಳುವ ಡ್ರಮ್, ಅದನ್ನು ತಿರುಗಿಸುವುದು ಬೆಲ್ಟು. ಪ್ಲಗ್ ಕಿತ್ತು, ಬಾಗಿಲು ತೆರೆದು ಕೈಯಿಂದ ಡ್ರಮ್ ತಿರುಗಿಸಿ. ಏನೂ ತಡೆಯಿಲ್ಲದೆ ತೀರಾ ಹಗುರವಾಗಿ ತಿರುಗಿದರೆ ಬೆಲ್ಟು ತುಂಡಾಗಿದೆ ಅಥವಾ ಅದನ್ನು ಬಿಗಿಹಿಡಿಯುವ ಪುಲ್ಲಿಯಿಂದ ಜಾರಿದೆ. ತಡೆದು ತಡೆದು ಕಿರುಗುಟ್ಟಿದರೆ ಡ್ರಮ್ಮಿನ ಕೆಳಗಿನ ರೋಲರುಗಳು ಸವೆದಿವೆ. ತೆರೆದಾಗ ಒಳಗೆ ಸೇರಿದ ನೂಲಿನ ಹೊಟ್ಟನ್ನೂ ಗುಡಿಸಿ ತೆಗೆಯಿರಿ, ಬಿಸಿ ಇರುವ ಮಷೀನಿನಲ್ಲಿ ಅದು ಬೆಂಕಿಗೆ ಆಹಾರ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಅಕ್ಕನವರ ಕೆಲಸ ಮುಗಿದಿಲ್ಲ.

ಬಿಸಿಲೂರು (ರಾಯಚೂರು):
ನಿಜ, ಮುಗಿದಿಲ್ಲ. ತಂತಿಯನ್ನು ಮುಂದಿನ ರಂಧ್ರಕ್ಕೆ ಸಿಕ್ಕಿಸಿದ ಮೇಲೆ ಡ್ರೈಯರ್ ತಿರುಗಿತು, ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಆದರೆ ಬೆಳಿಗ್ಗೆ ಚೆನ್ನಾಗಿ ಓಡುವ ಅದೇ ಮಷೀನು ರಾತ್ರಿ ಊಟದ ಹೊತ್ತಿಗೆ ಬಟ್ಟೆ ಹಾಕಿದರೆ ಮತ್ತೆ ಗುಂಯ್ ಎಂದು ನಿಲ್ಲುತ್ತದೆ. ಬ್ರೇಕ್ ಬಿಟ್ಟಿರುವುದನ್ನು ಕಣ್ಣಾರೆ ನೋಡಿದ್ದೇವೆ. ಆ ಹೊತ್ತಿನಲ್ಲಿ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಹಿಡಿದಾಗ 180ರ ಆಸುಪಾಸು ತೋರಿಸಿತು. ಇದು ವೋಲ್ಟೇಜಿನ ತೊಂದರೆಯೇ? ಹಾಗಿದ್ದರೆ ಒಗೆಯುವ ಮೋಟಾರು ಅದೇ ಹೊತ್ತಿನಲ್ಲಿ ಹೇಗೆ ಓಡುತ್ತಿದೆ?

ಬಿಡಿಭಾಗದಂಗಡಿ (ಲಿಂಗಸುಗೂರು):
ಇದು ಕಂಡೆನ್ಸರ್ ವೀಕ್ ಆಗಿರುವ ಲಕ್ಷಣ. ನಮ್ಮ ಅಂಗಡಿಗೆ ಬರುವ ಮೆಕ್ಯಾನಿಕ್‌ಗಳು ಇಂಥ ಮಷೀನಿಗೆ, ಮೊದಲು 5 ಇದ್ದಲ್ಲಿ 8 ಮೈಕ್ರೋಫ್ಯಾರಡ್ (ಕಂಡೆನ್ಸರಿನ ಅಳತೆ) ಹಾಕುತ್ತಾರೆ. ವೋಲ್ಟೇಜು ಕಡಿಮೆ ಇದ್ದರೂ ಜಗ್ಗಿಕೊಂಡು ಓಡುತ್ತದೆ. ಬೆಲೆಯೂ ನೂರು ಇನ್ನೂರರ ಒಳಗೆ.

ಹಳೆ ಐಟಿಐ (ಕೊಪ್ಪಳ):
ಲಕ್ಷಣ ಗುರುತಿಸಿದ್ದು ಸರಿ, ಔಷಧಿ ಸರಿಯಿಲ್ಲ. ಈ ಮೋಟಾರಿನಲ್ಲಿ ಎರಡು ವೈಂಡಿಂಗುಗಳಿವೆ, ಕೆಪಾಸಿಟರ್ ಎರಡನೆಯದರ ಜೊತೆ ಸರಣಿಯಲ್ಲಿ ಕೂಡಿಕೊಂಡು, ಹೊರಡುವಾಗ ಮಾತ್ರವಲ್ಲದೆ ಓಡುವಷ್ಟೂ ಹೊತ್ತು ಅಲ್ಲಿಯೇ ಇರುತ್ತದೆ. ಅದರ ಮೌಲ್ಯ ಹೆಚ್ಚಿಸಿದರೆ ಹೊರಡುವ ಬಲ ಹೆಚ್ಚುತ್ತದೆ, ನಿಜ. ಆದರೆ ಓಡುವಾಗ ಆ ವೈಂಡಿಂಗಿನ ಮೂಲಕ ಬೇಕಾದದ್ದಕ್ಕಿಂತ ಹೆಚ್ಚು ಕರೆಂಟು ಹರಿದು ಅದು ಕಾಯುತ್ತಲೇ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಮೋಟಾರಿನ ಸುತ್ತಲಿನ ಗಾಳಿಯೇ ಕಾದಿರುವಾಗ ಆ ಹೆಚ್ಚುವರಿ ಬಿಸಿಗೆ ಹೋಗಲು ಜಾಗವೆಲ್ಲಿ? ಇಂದು ಇನ್ನೂರು ರೂಪಾಯಿಯಲ್ಲಿ ಓಡಿಸಿಕೊಟ್ಟ ಮಷೀನು ನಾಳೆ ಮೋಟಾರು ಕೇಳುತ್ತದೆ. ಮೋಟಾರಿನ ಮೇಲಿನ ಚೀಟಿಯಲ್ಲಿ ಅಥವಾ ಹಳೆಯ ಕೆಪಾಸಿಟರಿನ ಮೈಮೇಲೆ ಬರೆದ ಮೌಲ್ಯವನ್ನೇ ಹಾಕಬೇಕು, ವೋಲ್ಟೇಜ್ ರೇಟಿಂಗ್ ಅಲ್ಲಿ ಬರೆದದ್ದಕ್ಕಿಂತ ಕಡಿಮೆ ಇರಬಾರದು.

ಅಕ್ಕನವರ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಈ ಬಗೆಯ ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಇಳಿಯುತ್ತದೆ. 180 ವೋಲ್ಟ್ ಎಂದರೆ ವೋಲ್ಟೇಜಿನಲ್ಲಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಕಡಿಮೆಯಾದಂತೆ ಕಂಡರೂ, ಹೊರಡುವ ಬಲ ಶೇ. 61ಕ್ಕೆ ಇಳಿದಿರುತ್ತದೆ. ಒಗೆಯುವ ಮೋಟಾರು ಬೇರೆಯದೇ. ಅದು ಬೆಲ್ಟಿನ ಮೂಲಕ, ವೇಗ ತಗ್ಗಿಸಿಕೊಂಡು ತಳದ ಚಕ್ರವನ್ನು ತಿರುಗಿಸುವುದರಿಂದ ಅದಕ್ಕೆ ಅಷ್ಟು ಕಷ್ಟವಿಲ್ಲ. ಡ್ರೈಯರ್ ಮೋಟಾರು ಒದ್ದೆ ಬಟ್ಟೆ ತುಂಬಿದ ಟಬ್ಬನ್ನು ನಿಂತಲ್ಲಿಂದ ನೇರವಾಗಿ ಎತ್ತಿಕೊಂಡು ಹೋಗಬೇಕು. ಹಾಗಿದ್ದರೂ ಆರೋಗ್ಯವಾಗಿರುವ ಡ್ರೈಯರ್ 180ರಲ್ಲಿ ನಿಧಾನವಾಗಿಯಾದರೂ ಹೊರಡುತ್ತದೆ. ಹೊರಡುತ್ತಿಲ್ಲವೆಂದರೆ ಕೆಪಾಸಿಟರನ್ನೂ ಅಳೆಯಬೇಕು.

ಅಳೆಯುವಾಗ ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ವೈರು ಜೋಡಿಸಿದ ಒಂದು ಹಳೆಯ ಬಲ್ಬ್ ಹೋಲ್ಡರನ್ನು, ಅದರಲ್ಲಿ ತಂತುವಿನ ಬಲ್ಬ್ ಇಟ್ಟು, ಎರಡೂ ತುದಿಗಳಿಗೆ ಕ್ಷಣಕಾಲ ತಾಗಿಸಿ ಖಾಲಿ ಮಾಡಿ, ಆಮೇಲೆ ವೈರು ಬಿಡಿಸಿ. ತಮ್ಮ ಮಲ್ಟಿಮೀಟರಿನಲ್ಲಿ ಮೈಕ್ರೋಫ್ಯಾರಡ್ ಅಳೆಯುವ ಜಾಗ ಇದ್ದರೆ ಅದರಲ್ಲಿ ನೋಡಿ. ಹಲವು ಮಷೀನುಗಳಲ್ಲಿ ಎರಡೂ ಮೋಟಾರುಗಳಿಗೆ ಸೇರಿ ಒಂದೇ ಡಬ್ಬಿ ಇರುತ್ತದೆ, ಮೈಮೇಲೆ 10+5 ಎಂಬಂತೆ ಬರೆದಿರುತ್ತದೆ. ಚಿಕ್ಕ ಸಂಖ್ಯೆ ಡ್ರೈಯರಿನದು. ಒಂದು ಅರ್ಧ ಸರಿಯಿದ್ದು ಇನ್ನೊಂದು ಅರ್ಧ ಸೊರಗಿರುವುದು ಸಾಧ್ಯ. ಅದೇ ಸಮಯದಲ್ಲಿ ಮೋಟಾರಿನ ಮೂರು ವೈರುಗಳ ನಡುವಿನ ರೆಸಿಸ್ಟೆನ್ಸನ್ನೂ ಎರಡೆರಡರಂತೆ ಅಳೆಯಿರಿ. ಮೂರು ಅಳತೆಗಳಲ್ಲಿ ದೊಡ್ಡದು ಉಳಿದ ಎರಡರ ಮೊತ್ತಕ್ಕೆ ಸಮನಾಗಿದ್ದರೆ, ಮತ್ತು ಯಾವ ವೈರಿಗೂ ಮೋಟಾರಿನ ಮೈಗೂ ಸಂಪರ್ಕ ತೋರಿಸದಿದ್ದರೆ, ವೈಂಡಿಂಗ್ ಸುಟ್ಟಿಲ್ಲವೆಂದು ಬಹುಮಟ್ಟಿಗೆ ನಂಬಬಹುದು.

ಬಿಡಿಭಾಗದಂಗಡಿ (ಲಿಂಗಸುಗೂರು):
ಸರ್, ತಾವು ಹೇಳುವುದು ಪುಸ್ತಕದ ಪ್ರಕಾರ ಸರಿಯೇ. ಆದರೆ ಸಂಜೆಯ ವೋಲ್ಟೇಜು ಹಾಗಿರುವಾಗ ಗಿರಾಕಿಗೆ ಏನು ಉತ್ತರ ಕೊಡಬೇಕು? 5 ಹಾಕಿಕೊಟ್ಟರೆ ಮರುದಿನ ಬಂದು ಜಗಳವಾಡುತ್ತಾರೆ.

ಹಳೆ ಐಟಿಐ (ಕೊಪ್ಪಳ):
ಡ್ರೈಯರನ್ನು ಬೆಳಿಗ್ಗೆ ಓಡಿಸಿ, ರಾತ್ರಿಯಾದರೆ ಅರ್ಧ ಬಟ್ಟೆ ಹಾಕಿ ಎಂದು ಹೇಳಿ. ಅದೂ ಸಾಲದೆ, ಪ್ರತಿದಿನ 180 ಬರುತ್ತಿದ್ದರೆ, ಅದನ್ನು ಬರೆದಿಟ್ಟುಕೊಂಡು ವಿದ್ಯುತ್ ಕಚೇರಿಗೆ ಲಿಖಿತ ದೂರು ಕೊಡಲಿ. ಲೈನಿನ ತೊಂದರೆಯನ್ನು ಕೆಪಾಸಿಟರಿನಿಂದ ಸರಿಪಡಿಸಲಾಗದು.

ಬಿಸಿಲೂರು (ರಾಯಚೂರು):
ಅಳೆದೆವು. ನಮ್ಮದೂ 10+5 ಎಂದು ಬರೆದ ಡಬ್ಬಿಯೇ. ದೊಡ್ಡ ಭಾಗ 9.7 ತೋರಿಸಿತು, ಚಿಕ್ಕ ಭಾಗ 3.1ಕ್ಕೆ ಇಳಿದಿದೆ. ಮೋಟಾರಿನ ಮೂರು ಅಳತೆಗಳು ತಾವು ಹೇಳಿದ ಲೆಕ್ಕಕ್ಕೆ ಸರಿಯಾಗಿ ಹೊಂದಿದವು. ಅದೇ ಮೌಲ್ಯದ ಹೊಸ ಕೆಪಾಸಿಟರ್ ತಂದು ಹಾಕಿದ ಮೇಲೆ ರಾತ್ರಿ ಹೊತ್ತಿನಲ್ಲೂ ಟಬ್ ಹೊರಡುತ್ತಿದೆ, ವೇಗ ಹಿಡಿಯಲು ಮಾತ್ರ ಬೆಳಗಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮೋಟಾರು ಬದಲಿಸಬೇಕೆಂದವರಿಗೆ ಫೋನ್ ಮಾಡಿ ಬರುವುದು ಬೇಡವೆಂದು ಹೇಳಿದ್ದಾಯಿತು.

ಇನ್ನೊಂದೇ ಪ್ರಶ್ನೆ. ಹಿಂಬದಿ ತೆರೆದಾಗ ಡ್ರೈಯರ್ ಮೋಟಾರಿನ ತಲೆಯ ಮೇಲೆ ಬಿಳಿ ಉಪ್ಪಿನ ಹಾಗೆ ಪುಡಿ ಕಟ್ಟಿಕೊಂಡಿತ್ತು, ಕಪ್ಲಿಂಗಿನ ಕೆಳಗೆ ತುಸು ತುಕ್ಕು ಸಹ ಇದೆ. ನಾವು ಬಳಸುವುದು ಬೋರ್‌ವೆಲ್ ನೀರು. ಇದನ್ನು ಹಾಗೆಯೇ ಬಿಡಬಹುದೇ?

ಹಳೆ ಐಟಿಐ (ಕೊಪ್ಪಳ):
ಬಿಡಬೇಡಿ. ಹೊರಟಬ್‌ನ ತಳದಲ್ಲಿ ದಂಡ ಹಾದುಹೋಗುವ ಕಡೆ, ಮಡಿಕೆಗಳಿರುವ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಬಿರುಕು ಬಿಟ್ಟಾಗ ನೀರು ಹನಿಹನಿಯಾಗಿ ನೇರವಾಗಿ ಮೋಟಾರಿನ ಮೇಲೆ ಬೀಳುತ್ತದೆ. ನಮ್ಮ ಗಡಸು ನೀರು ಆರಿದ ಮೇಲೆ ಉಳಿಯುವುದೇ ಆ ಬಿಳಿ ಪುಡಿ. ಬುಶ್ ತುಕ್ಕು ಹಿಡಿದು ಮೋಟಾರು ನಿಜವಾಗಿ ಜಾಮ್ ಆಗುವುದು ಈ ದಾರಿಯಿಂದಲೇ, ಅದಕ್ಕಿಂತ ಮುಂಚೆ ವಿದ್ಯುತ್ತು ಮೈಗೆ ಹರಿಯುವ ಅಪಾಯವೂ ಇದೆ. ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಾಗಿದೆಯೇ ಎಂದು ನೋಡಿಸಿ. ಖಾಲಿ ಡ್ರೈಯರಿಗೆ ಒಂದೆರಡು ಚೊಂಬು ನೀರು ಹಾಕಿ, ಪ್ಲಗ್ ಕಿತ್ತಿಟ್ಟು, ಕೆಳಗೆ ಒಣ ಕಾಗದ ಹಾಸಿ ಸ್ವಲ್ಪ ಹೊತ್ತು ಕಾಯಿರಿ; ಕಾಗದ ನೆನೆದರೆ ಸೀಲ್ ಹೋಗಿದೆ. ಸೀಲಿನ ಬೆಲೆ ಕಡಿಮೆ, ಆದರೆ ಅದನ್ನು ಹಾಕಲು ಒಳಟಬ್ಬನ್ನು ದಂಡಸಮೇತ ಎತ್ತಬೇಕಾಗುತ್ತದೆ, ಕಪ್ಲಿಂಗಿನ ತುಕ್ಕು ಹಿಡಿದ ಸ್ಕ್ರೂ ಸುಲಭವಾಗಿ ಬರುವುದಿಲ್ಲ. ಆ ಕೆಲಸಕ್ಕೆ ಮಾತ್ರ ಒಬ್ಬ ತಿಳಿದ ಮೆಕ್ಯಾನಿಕ್ಕನ್ನು ಕರೆಸಿ, ಮತ್ತು ಹಿಂಬದಿ ತೆರೆದು ನೋಡುವವರನ್ನೇ ಕರೆಸಿ.

ಬಿಸಿಲೂರು (ರಾಯಚೂರು):
ಕಾಗದ ನೆನೆದಿದೆ, ಗುರುಗಳೇ. ಸೀಲ್ ಬದಲಿಸುವವರೆಗೆ ಡ್ರೈಯರ್ ಕಡೆ ಬಳಸದೆ, ಬಟ್ಟೆಯನ್ನು ಹಿಂಡಿಯೇ ಒಣಗಿಸುತ್ತೇವೆ.